ಕಾರ್ಪೆಟ್ ತೊಳೆಯೋಕೆ ಎರಡೂವರೆ ಸಾವಿರಾನಾ?

ಶಿಕಾರಿಪುರ ಮತ್ತು ಸೊರಬ. ಈ ಎರಡು ಹೆಸರು ಟಿವಿ ಪರದೆ ಮೇಲೆ ಬಂತು ಅಂದ್ರೆ ನೀವು ತಕ್ಷಣ ಏನು ಅಂದ್ಕೊಳ್ತೀರಿ? ರಾಜಕೀಯ. ಅದು ತಪ್ಪೂ ಅಲ್ಲ. ಸೊರಬದಿಂದ ಬಂದ ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿ ಆಗಿದ್ದರು. ಶಿಕಾರಿಪುರದ ಯಡಿಯೂರಪ್ಪನವರು ಆ ಕುರ್ಚಿಗೆ ನಾಲ್ಕು ಸಲ ಪ್ರಮಾಣವಚನ ತಗೊಂಡರು. ಪಕ್ಕಪಕ್ಕದ ಎರಡು ತಾಲೂಕು, ಇಬ್ಬರು ಮುಖ್ಯಮಂತ್ರಿಗಳು. ಹಾಗಾಗಿ ನಮ್ಮ ಕ್ಯಾಮೆರಾ ಈ ಊರುಗಳಿಗೆ ಹೋಗೋದು ಚುನಾವಣೆ ಬಂದಾಗ, ಫಲಿತಾಂಶ ಬಂದಾಗ, ಇಲ್ಲಾ ಯಾರಾದರೂ ಪಕ್ಷ ಬಿಟ್ಟಾಗ.

ಇವತ್ತು ಅದ್ಯಾವುದೂ ಅಲ್ಲ. ಇವತ್ತಿನ ಸುದ್ದಿ ಒಂದು ಕಾರ್ಪೆಟ್ಟು. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ನಗೋದಿದ್ರೆ ಇಬ್ಬರೂ ಸೇರಿ ನಗೋಣ.

ನಮ್ಮ ಅಕ್ಕ ಇರೋದು ಸೊರಬದಲ್ಲಿ. ಒಂದು ರಾತ್ರಿ ಬುಲೆಟಿನ್ ಮುಗಿಸಿ ಮೈಕ್ ತೆಗೀತಾ ಇದ್ದೆ, ಫೋನ್ ಬಂತು.

"ಅಲ್ಲ ಮಾರಾಯ, ಊರಿನ ಎಲ್ಲಾ ಅನ್ಯಾಯದ ಬಗ್ಗೆ ಟಿವಿಯಲ್ಲಿ ಕೂತು ಕೂಗ್ತೀಯಲ್ಲ, ಇದನ್ನೂ ಒಂದು ಹಾಕು."

"ಏನಾಯ್ತಕ್ಕ?"

"ನಮ್ಮ ಹಾಲ್‌ನಲ್ಲಿರೋ ಕಾರ್ಪೆಟ್ ತೊಳೆಯೋಕೆ ಶಿಕಾರಿಪುರದವನೊಬ್ಬ ಎಷ್ಟು ಹೇಳಿದಾನೆ ಗೊತ್ತಾ? 2,430 ರೂಪಾಯಿ! ತೊಳೆಯೋಕೆ ಕಣೋ, ಕೊಳ್ಳೋಕಲ್ಲ. ಹಬ್ಬಕ್ಕೆ ನಾನು ಉಟ್ಟ ಸೀರೆಗೇ ಅಷ್ಟು ಕೊಟ್ಟಿಲ್ಲ. ಇಲ್ಲಿ ಇನ್ನೊಬ್ಬ 600ಕ್ಕೆ ಮಾಡಿಕೊಡ್ತೀನಿ ಅಂತಿದಾನೆ. ಇದು ಹಗಲು ದರೋಡೆ ಅಲ್ವೇನೋ?"

ನಾನು ಸುದ್ದಿಮನೆಯವನು. "ಹಗಲು ದರೋಡೆ" ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ತಲೆಯಲ್ಲಿ ಕೆಂಪು ಪಟ್ಟಿ ಓಡೋಕೆ ಶುರುವಾಗುತ್ತೆ. "ಪ್ರೀಮಿಯಂ ಹೆಸರಲ್ಲಿ ಸುಲಿಗೆ!" ಹೆಡ್‌ಲೈನ್ ಅಲ್ಲೇ ಸಿದ್ಧವಾಯ್ತು. ಆ ವಾರ ಹೇಗೂ ಊರಿಗೆ ಹೋಗೋದಿತ್ತು. ಅಕ್ಕನಿಗೆ ಹೇಳಿದೆ, "ಯಾರಿಗೂ ಕೊಡಬೇಡ, ಕಾರ್ಪೆಟ್ಟು ಹಾಗೇ ಇಟ್ಟಿರು. ನಾನೇ ತಗೊಂಡು ಹೋಗಿ ಆ ಮನುಷ್ಯನ್ನ ಮಾತಾಡಿಸ್ತೀನಿ."

ಸೊರಬದಿಂದ ಶಿರಾಳಕೊಪ್ಪದ ಮೇಲೆ ಶಿಕಾರಿಪುರಕ್ಕೆ ಸುಮಾರು 40 ಕಿಲೋಮೀಟರ್. ಕಾರಿನ ಹಿಂದಿನ ಸೀಟಿನಲ್ಲಿ ಸುತ್ತಿಟ್ಟ ಕಾರ್ಪೆಟ್ಟು, ಮುಂದಿನ ಸೀಟಿನಲ್ಲಿ ಕೋಪದಲ್ಲಿರೋ ಅಕ್ಕ. ಹೊರಟೆವು.

ಅಂಗಡಿ ಅಂತ ದೊಡ್ಡದಿಲ್ಲ. ಊರಾಚೆ ಒಂದು ಶೀಟ್ ಹಾಕಿದ ಷೆಡ್ಡು. ಸಿಮೆಂಟಿನ ಇಳಿಜಾರು ಕಟ್ಟೆ, ಎರಡು ದೊಡ್ಡ ಫ್ಯಾನು, ಬಿದಿರಿನ ಮಂಚದ ಹಾಗಿರೋ ಚೌಕಟ್ಟುಗಳು. ಮಾಲೀಕರಿಗೆ ನಲವತ್ತರ ಆಸುಪಾಸು. ಬೆಂಗಳೂರಲ್ಲಿ ಹನ್ನೆರಡು ವರ್ಷ ಇದೇ ಕೆಲಸ ಮಾಡಿ, ಕೋವಿಡ್ ಟೈಮಲ್ಲಿ ಊರಿಗೆ ಬಂದವರು ವಾಪಸ್ ಹೋಗಲಿಲ್ಲ. ನನ್ನ ಗುರುತು ಹಿಡಿದರು. ಹಿಡಿದ ಕೂಡಲೇ ಮುಖ ಸ್ವಲ್ಪ ಬಿಳಿಚಿಕೊಂಡಿತು. ಟಿವಿಯವರು ಬಂದರೆ ಒಳ್ಳೇದಕ್ಕೆ ಬರಲ್ಲ ಅಂತ ಜನಕ್ಕೆ ಗೊತ್ತಾಗಿಹೋಗಿದೆ. ಆ ಪಾಪ ನಮ್ಮದೇ.

ನಾನು ನೇರ ಕೇಳಿದೆ. "ಏನ್ರೀ ಇದು, ಒಂದು ಕಾರ್ಪೆಟ್ ತೊಳೆಯೋಕೆ ಎರಡೂವರೆ ಸಾವಿರಾನಾ?"

ಅವರು ಜಗಳಕ್ಕೆ ಬರಲಿಲ್ಲ. "ಸರ್, ಮೊದಲನೇ ಸಲ ಬಂದವರೆಲ್ಲ ಇದನ್ನೇ ಕೇಳ್ತಾರೆ. ಎರಡನೇ ಸಲ ಬಂದವರು ಯಾರೂ ಕೇಳಲ್ಲ" ಅಂದರು. ಆಮೇಲೆ ಕಾರ್ಪೆಟ್ಟನ್ನ ಬಿಡಿಸಿ, ಮಗುಚಿ ಹಾಕಿದರು. ಗಮನಿಸಿ, ಮುಂಭಾಗ ನೋಡಲೇ ಇಲ್ಲ. ಬೆನ್ನು ನೋಡಿದರು.

"ಇದು ಭದೋಹಿ ಕಡೇದು, ಕೈಯಲ್ಲಿ ಗಂಟು ಹಾಕಿರೋದು. ಎಲ್ಲಿ ತಂದ್ರಿ ಅಕ್ಕ?"

ನಮ್ಮ ಅಕ್ಕನ ಮಗ ಗೃಹಪ್ರವೇಶಕ್ಕೆ ಬೆಂಗಳೂರಿನಿಂದ ತಂದಿದ್ದು. ಭದೋಹಿ ಅಂದ್ರೆ ಉತ್ತರ ಪ್ರದೇಶದಲ್ಲಿ, ಮಿರ್ಜಾಪುರದ ಹತ್ತಿರ. ಕೈಮಗ್ಗದ ರತ್ನಗಂಬಳಿಗೆ ದೇಶದಲ್ಲೇ ದೊಡ್ಡ ಹೆಸರು, ಭೌಗೋಳಿಕ ಗುರುತು ಅಂದ್ರೆ ಜಿಐ ಟ್ಯಾಗ್ ಕೂಡ ಇದೆ. ಈಗ ಒಂದು ಲೆಕ್ಕ ಹಾಕೋಣ. ಅಕ್ಕನ ಕಾರ್ಪೆಟ್ಟು 6 ಅಡಿಗೆ 9 ಅಡಿ. ಅಂದ್ರೆ 54 ಚದರ ಅಡಿ. ಒಂದು ಚದರ ಇಂಚಿಗೆ 60 ಗಂಟು ಅಂತ ಇಟ್ಟುಕೊಳ್ಳಿ. ಅಷ್ಟೇನೂ ನಯವಾದ ನೇಯ್ಗೆ ಅಲ್ಲ, ಸಾಧಾರಣದ್ದು. ಗುಣಿಸಿದ್ರೆ ಎಷ್ಟಾಯ್ತು? 4,66,560 ಗಂಟು! ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿ ಸಲ ಒಬ್ಬ ಮನುಷ್ಯನ ಬೆರಳು ಉಣ್ಣೆ ಎಳೆ ಹಿಡಿದು ಗಂಟು ಹಾಕಿದೆ. ಅದರ ಮೇಲೆ ನಾವು ಚಪ್ಪಲಿ ಹಾಕ್ಕೊಂಡು ಓಡಾಡ್ತೀವಿ. ಓಡಾಡಲಿ, ಅದು ಇರೋದೇ ಅದಕ್ಕೆ. ಆದರೆ ಅದನ್ನ ಒಗೆಯೋ ಕಲ್ಲಿನ ಮೇಲೆ ಬಡಿದು, ಬಟ್ಟೆ ಸೋಪು ಹಾಕಿ ಉಜ್ಜಿದ್ರೆ ಏನಾಗುತ್ತೆ?

ಉಣ್ಣೆ ಅಂದ್ರೆ ಏನು? ಕುರಿಯ ಕೂದಲು. ನಮ್ಮ ತಲೆಗೂದಲಿನ ಹಾಗೇ ಅದೂ ಒಂದು ಪ್ರೋಟೀನು. ನಿಮ್ಮ ತಲೆಗೆ ವಾಷಿಂಗ್ ಸೋಡಾ ಹಾಕಿ ಉಜ್ಜಿಕೊಳ್ತೀರಾ? ಬ್ಲೀಚಿಂಗ್ ನೀರು ಸುರಿದುಕೊಳ್ತೀರಾ? ಇಲ್ಲ ತಾನೇ? ಸೋಡಾದ ಖಾರ ಉಣ್ಣೆಯನ್ನ ಸೊರಗಿಸುತ್ತೆ. ಕ್ಲೋರಿನ್ ಬ್ಲೀಚು ಅದನ್ನ ಕರಗಿಸಿಯೇ ಬಿಡುತ್ತೆ. ಇನ್ನು ಬಿಸಿ ನೀರಲ್ಲಿ ಹಾಕಿ ತಿಕ್ಕಿದ್ರೆ ಎಳೆಗಳ ಮೇಲಿರೋ ಸಣ್ಣ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಮುದ್ದೆಯಾಗುತ್ತೆ, ಕುಗ್ಗುತ್ತೆ. ಸ್ವೆಟರ್ ಒಗೆದು ಮಗುವಿನ ಸೈಜಿಗೆ ತಂದವರು ಪ್ರತಿ ಮನೆಯಲ್ಲೂ ಒಬ್ಬರು ಇದ್ದೇ ಇರ್ತಾರೆ. ಅದೇ ಕಥೆ.

"ನೀರು ಹಾಕೋದು ಮೂರನೇ ಕೆಲಸ ಸರ್" ಅಂದರು ಅವರು. ಮೊದಲನೇದು ಧೂಳು ತೆಗೆಯೋದು. ಕಾರ್ಪೆಟ್ಟನ್ನ ಮುಖ ಕೆಳಗೆ ಮಾಡಿ ಚೌಕಟ್ಟಿನ ಮೇಲೆ ಹಾಸಿ, ಬೆನ್ನಿನ ಕಡೆಯಿಂದ ಒಂದು ಮಷೀನಿನಲ್ಲಿ ಅದುರಿಸಿದರು. ನಿಧಾನಕ್ಕೆ, ಇಂಚಿಂಚಾಗಿ. ನಮ್ಮ ಅಕ್ಕ ವಾರಕ್ಕೊಂದು ಸಲ ವ್ಯಾಕ್ಯೂಮ್ ಹೊಡೆಯೋಳು. "ನಮ್ಮನೇಲಿ ಧೂಳೇ ಇಲ್ಲ" ಅಂತ ಪಕ್ಕದಲ್ಲಿ ನಿಂತು ಹೇಳ್ತಾನೇ ಇದ್ದಳು. ಅರ್ಧ ಗಂಟೆ ಆದಮೇಲೆ ಅವರು ಕೆಳಗೆ ಬಿದ್ದಿದ್ದನ್ನ ಗುಡಿಸಿ ಒಂದು ಮೊರದಲ್ಲಿ ತಂದು ಮುಂದೆ ಇಟ್ಟರು. ಮೊರದ ತುಂಬ ಕೆಂಪು ಮಣ್ಣು! ಸೊರಬದ ಮಣ್ಣು. ಅಕ್ಕನ ಮಾತು ಅಲ್ಲಿಗೆ ನಿಂತಿತು.

ಈ ಧೂಳು ತೆಗೆಯದೇ ನೀರು ಸುರಿದ್ರೆ? ಒಳಗೇ ಕೆಸರು. ಗಂಟಿನ ಬುಡಕ್ಕೆ ಇಳಿದು ಕೂತ್ಕೊಳ್ಳುತ್ತೆ. ಮೇಲೆ ನೋಡೋಕೆ ಫಳಫಳ, ಬುಡದಲ್ಲಿ ಮರಳು ಕಾಗದ. ನಾವು ಪ್ರತಿ ಹೆಜ್ಜೆ ಇಟ್ಟಾಗಲೂ ಆ ಮರಳು ಉಣ್ಣೆಯ ಎಳೆಯನ್ನ ಕುಯ್ಯುತ್ತಾ ಹೋಗುತ್ತೆ. 600 ರೂಪಾಯಿಗೆ ಒಪ್ಪಿಕೊಂಡವನು ಬಿಡೋದೇ ಈ ಕೆಲಸವನ್ನ. ಯಾಕಂದ್ರೆ ಇದು ಕಣ್ಣಿಗೆ ಕಾಣಲ್ಲ, ಟೈಮ್ ಮಾತ್ರ ತಿನ್ನುತ್ತೆ.

ಎರಡನೇದು ಬಣ್ಣದ ಪರೀಕ್ಷೆ. ಬಿಳಿ ಬಟ್ಟೆ ಒದ್ದೆ ಮಾಡಿ ಕೆಂಪಿನ ಮೇಲೆ ಒತ್ತಿ ಹಿಡೀತಾರೆ. ಆಮೇಲೆ ನೀಲಿ ಮೇಲೆ. ಆಮೇಲೆ ಕಪ್ಪಿನ ಮೇಲೆ. ಬಟ್ಟೆಗೆ ಬಣ್ಣ ಹತ್ತಿತು ಅಂದ್ರೆ ಕೆಲಸದ ದಾರಿಯೇ ಬೇರೆ. ಮೂರನೇದು ತೊಳೆಯೋದು. ತಣ್ಣೀರು, ಖಾರ ಇಲ್ಲದ ಸೋಪು, ಮೆತ್ತಗಿನ ಬ್ರಷ್ಷು, ಉಣ್ಣೆ ಯಾವ ಕಡೆ ಮಲಗಿದೆಯೋ ಆ ಕಡೆಗೇ ಕೈ. ನೀರು ತಿಳಿಯಾಗೋವರೆಗೂ ಹಾಯಿಸ್ತಾರೆ. ಹಿಂಡಲ್ಲ, ಒತ್ತಿ ಒತ್ತಿ ನೀರು ತೆಗೀತಾರೆ.

ನಾಲ್ಕನೇದು, ನಮ್ಮ ಮಲೆನಾಡಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು, ಒಣಗಿಸೋದು. ಉಣ್ಣೆ ಒಂದು ಮೋಸಗಾರ ವಸ್ತು. ಹೊಟ್ಟೆ ತುಂಬ ನೀರು ಕುಡಿದಿದ್ರೂ ಮುಟ್ಟಿದ್ರೆ ಒಣಗಿದ ಹಾಗೇ ಇರುತ್ತೆ. ಒಣಗಿತು ಅಂತ ಸುತ್ತಿಟ್ಟರೆ ಎಂಟು ದಿನದಲ್ಲಿ ವಾಸನೆ, ಆಮೇಲೆ ಬೂಷ್ಟು, ಆಮೇಲೆ ಬುಡದ ಹತ್ತಿ ದಾರ ಕೊಳೆತು ಹೋಗುತ್ತೆ. ತಂತಿ ಮೇಲೆ ನೇತುಹಾಕಿದ್ರೆ ಭಾರಕ್ಕೆ ಜಗ್ಗಿ ಆಕಾರ ಕೆಡುತ್ತೆ. ಬಿರುಬಿಸಿಲಲ್ಲಿ ಹಾಕಿದ್ರೆ ಬಣ್ಣ ಮಾಸುತ್ತೆ. ಅದಕ್ಕೇ ಆ ಬಿದಿರಿನ ಚೌಕಟ್ಟು. ಮಲಗಿಸಿ, ಮೇಲೂ ಕೆಳಗೂ ಗಾಳಿ ಆಡೋ ಹಾಗೆ ಮಾಡಿ, ಫ್ಯಾನು ಹಾಕಿ, ದಿನಕ್ಕೆ ಎರಡು ಸಲ ಮಗುಚ್ತಾರೆ. ಬೇಸಿಗೆಯಲ್ಲಾದ್ರೆ ಎರಡು ದಿನ. ಜುಲೈನಲ್ಲಿ? "ಜುಲೈನಲ್ಲಿ ಸೊರಬ ಸಾಗರದ ಕಡೆಯಿಂದ ಬಂದರೆ ಬೇಡ ಅಂತೀನಿ ಸರ್. ಮಳೆ ಕಳೀಲಿ, ದಸರಾ ಆದಮೇಲೆ ತನ್ನಿ ಅಂತೀನಿ" ಅಂದರು. ಬಂದ ದುಡ್ಡು ಬೇಡ ಅನ್ನೋ ವ್ಯಾಪಾರಸ್ಥ! ನಮ್ಮ ಸುದ್ದಿಮನೆಗೆ ಇಂಥವರು ಕಾಣೋದೇ ಕಡಿಮೆ.

ನಾವು ಅಲ್ಲಿ ನಿಂತಿರೋವಾಗಲೇ ಶಿರಾಳಕೊಪ್ಪದಿಂದ ಒಬ್ಬ ಮೇಷ್ಟ್ರು ಬಂದರು. ಸ್ಕೂಟರ್ ಮೇಲೆ ಒಂದು ಕಾರ್ಪೆಟ್ಟು. "ನೋಡಪ್ಪ, ಇದಕ್ಕೂ ಪ್ರೀಮಿಯಂ ವಾಷೇ ಮಾಡು, ದುಡ್ಡಿಗೆ ಯೋಚನೆ ಇಲ್ಲ" ಅಂದರು. ನಮ್ಮ ಮಾಲೀಕರು ಅದರ ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟರು. ಎಳೆ ಕರಗಿ ಗಟ್ಟಿ ಮಣಿಯಾಯ್ತು, ಪ್ಲಾಸ್ಟಿಕ್ ವಾಸನೆ. ಉಣ್ಣೆ ಆಗಿದ್ರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದ್ರೆ ಬೂದಿ ಆಗ್ತಿತ್ತು. "ಮೇಷ್ಟ್ರೇ, ಇದು ಮಷೀನಿನದು. ನೈಲಾನ್ ಥರದ್ದು. ನನಗೆ ಕೊಡೋ ದುಡ್ಡಲ್ಲಿ ಅರ್ಧ ಹೊಸದೇ ಬರುತ್ತೆ. ಮನೇಲೇ ಅಂಗಳದಲ್ಲಿ ಹಾಕಿ ಪೈಪ್ ನೀರು ಬಿಟ್ಟು ತೊಳ್ಕೊಳ್ಳಿ" ಅಂತ ಹೇಳಿ ಕಳಿಸಿಬಿಟ್ಟರು.

ಆಗ ನನಗೊಂದು ಹಳೇ ಗಾಯ ನೆನಪಾಯ್ತು. ಇದನ್ನ ನಾನು ಟಿವಿಯಲ್ಲಿ ಇದುವರೆಗೂ ಹೇಳಿಲ್ಲ.

ನಮ್ಮ ಅಮ್ಮನ ಹತ್ತಿರ ಒಂದು ನವಲಗುಂದದ ಜಮಖಾನ ಇತ್ತು. ಧಾರವಾಡ ಜಿಲ್ಲೆಯ ನವಲಗುಂದ ಗೊತ್ತಲ್ಲ? ಅಲ್ಲಿನ ಹೆಣ್ಣುಮಕ್ಕಳು ಮನೆಯೊಳಗೆ ನಿಲುವು ಮಗ್ಗ ಹಾಕಿಕೊಂಡು ನೇಯೋ ಹತ್ತಿ ಜಮಖಾನ. ನವಿಲು ಅದರ ಗುರುತು. ಅದಕ್ಕೂ ಜಿಐ ಟ್ಯಾಗ್ ಇದೆ. ಅಮ್ಮನ ಮದುವೆಗೆ ತವರಿಂದ ಕೊಟ್ಟಿದ್ದು. ಮನೆಗೆ ಗಂಡು ಹೆಣ್ಣಿನ ಕಡೆಯವರು ಬಂದ್ರೆ ಅದರ ಮೇಲೇ ಕೂರಬೇಕು. ನಮ್ಮ ನಾಮಕರಣ ಆಗಿದ್ದು ಅದರ ಮೇಲೆ. ಅಪ್ಪನನ್ನ ಕಳಿಸಿಕೊಟ್ಟ ದಿನ ಬಂದ ಜನ ಕೂತಿದ್ದೂ ಅದರ ಮೇಲೇ.

ಅಮ್ಮ ಹೋದಮೇಲೆ ಅದನ್ನ ನಾನು ಬೆಂಗಳೂರಿಗೆ ತಂದೆ. ಕೊಳೆಯಾಗಿತ್ತು. ಒಬ್ಬರ ಹತ್ತಿರ ಕೇಳಿದೆ, 1,100 ಅಂದರು. ನಾನು ಏನಂದೆ ಗೊತ್ತಾ? "ಒಂದು ಜಮಖಾನಕ್ಕಾ? ತಮಾಷೆ ಮಾಡ್ತೀರಾ?" ಅಂದೆ. ರಸ್ತೆ ಆಚೆ ಇನ್ನೊಂದು ಅಂಗಡಿ. ಅಲ್ಲಿ 350. ಕೊಟ್ಟುಬಂದೆ. 750 ರೂಪಾಯಿ ಉಳಿಸಿದೆ ಅಂತ ಹೆಂಡತಿ ಹತ್ತಿರ ಹೇಳಿಕೊಂಡೆ ಕೂಡ.

ನಾಲ್ಕು ದಿನ ಬಿಟ್ಟು ತಂದೆ. ಮನೆಗೆ ಬಂದು ಬಿಡಿಸಿದೆ. ಬಿಳಿ ಇರಬೇಕಾದ ಕಡೆ ಗುಲಾಬಿ. ನವಿಲಿನ ನೀಲಿ ಹರಿದು ಕತ್ತಿನ ಕೆಳಗೆ ಇಳಿದಿತ್ತು. ಒಂದು ನವಿಲಿಗೂ ಮುಖ ಇರಲಿಲ್ಲ. ಓಡಿಹೋಗಿ ಕೇಳಿದ್ರೆ ರಸೀದಿಯ ಹಿಂದೆ ತೋರಿಸಿದರು, "ಬಣ್ಣ ಹೋದರೆ ನಾವು ಜವಾಬ್ದಾರರಲ್ಲ." ಹಿಂದೆ ಏನಿದೆ ಅಂತ ನಾನು ಓದೇ ಇರಲಿಲ್ಲ. ದಿನಾ ಸರ್ಕಾರಿ ಆದೇಶದ ಎರಡನೇ ಪುಟ ಓದಿಲ್ಲ ಅಂತ ಮಂತ್ರಿಗಳನ್ನ ಬೈಯೋ ಮನುಷ್ಯ ನಾನು.

ಅಕ್ಕನಿಗೆ ಅದನ್ನ ನಾನು ಹೇಳಿರಲಿಲ್ಲ. ಅವತ್ತು ಆ ಷೆಡ್ಡಿನಲ್ಲಿ ಹೇಳಿದೆ. ಅವಳು ಬೈತಾಳೆ ಅಂದ್ಕೊಂಡಿದ್ದೆ. ಬೈಲಿಲ್ಲ. "ಅಮ್ಮನ ಜಮಖಾನ ಎಲ್ಲಿ ಅಂತ ನಾನು ಕೇಳಿದಾಗೆಲ್ಲ ಮಾತು ಹಾರಿಸ್ತಿದ್ದೆಯಲ್ಲ, ಇದಕ್ಕಾ?" ಅಂದಳು. ಅಷ್ಟೇ. ಬೈದಿದ್ರೆ ವಾಸಿ ಇತ್ತು.

ಈಗ ಲೆಕ್ಕಕ್ಕೆ ಬರೋಣ. ಯಾಕಂದ್ರೆ ಭಾವನೆಯ ಮೇಲೆ ಬಿಲ್ಲು ಪಾಸಾಗಲ್ಲ. "ಪೂರ್ತಿ ಲೆಕ್ಕ ಕೊಡಿ" ಅಂತ ಕೇಳಿದೆ. ಕೊಟ್ಟರು. ಅಡಿಗೆ 45 ರೂಪಾಯಿ, 54 ಅಡಿ, 2,430. ಅದರಲ್ಲಿ ಇಬ್ಬರು ಆಳಿನ ಒಂದು ದಿನದ ಕೂಲಿ, 650ರಂತೆ 1,300. ಮಾಮೂಲಿಯಾಗಿ ಸೊರಬಕ್ಕೆ ಗಾಡಿ ಕಳಿಸಿ ತರಿಸಿ, ವಾಪಸ್ ಮುಟ್ಟಿಸೋದಕ್ಕೆ ಈ ಕಾರ್ಪೆಟ್ಟಿನ ಪಾಲು 300. ಸೋಪು, ಶಾಂಪೂ 150. ಪಂಪು, ಫ್ಯಾನಿನ ಕರೆಂಟು 180. ಷೆಡ್ಡಿನ ಬಾಡಿಗೆಯ ಪಾಲು 200. ಎಲ್ಲ ಕೂಡಿ 2,130. ಉಳಿಯೋದೆಷ್ಟು? 300 ರೂಪಾಯಿ.

ಒಂದು ಕಾರ್ಪೆಟ್ಟು ಮೂರ್ನಾಲ್ಕು ದಿನ ತನ್ನ ಷೆಡ್ಡಿನಲ್ಲಿ ಇರುತ್ತೆ. ರಾತ್ರಿ ಮಳೆ ಬಂದ್ರೆ ಎದ್ದು ನೋಡಬೇಕು, ಇಲಿ ಬರದ ಹಾಗೆ ಕಾಯಬೇಕು, ಬಣ್ಣ ಬಿಟ್ಟರೆ ಹೊಣೆ ಹೊರಬೇಕು. ಆ ಮನುಷ್ಯನಿಗೆ ಉಳಿಯೋದು 300. ಆ ಮುನ್ನೂರನ್ನ ನಾವು "ಹಗಲು ದರೋಡೆ" ಅಂದೆವು.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. "ನಾವು ಮಡಿವಾಳರು ಸರ್. ನಮ್ಮಜ್ಜ ಇಡೀ ಊರಿನ ಬಟ್ಟೆ ಒಗೀತಿದ್ದರು. ದುಡ್ಡು ಅಂತ ಯಾರೂ ಕೊಡ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತ್ಕೊಂಡರೆ ಆಯ ಅಂತ ಭತ್ತ ಅಳೆದು ಹಾಕ್ತಿದ್ದರು. ಎಷ್ಟು ಅಂತ ಹೇಳೋದು ಅವರು, ತಗೊಳ್ಳೋದು ನಾವು. ನಮ್ಮ ಮನೇಲಿ ಕೆಲಸಕ್ಕೆ ರೇಟು ಅಂತ ಹೇಳಿದ ಮೊದಲನೇ ಮನುಷ್ಯ ನಾನು. ಅದಕ್ಕೇ ಜನಕ್ಕೆ ಜಾಸ್ತಿ ಅನ್ನಿಸುತ್ತೋ ಏನೋ."

ಈ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಟಿವಿಯಲ್ಲಿ ನಾನು ಸುಮ್ಮನಾಗೋದು ಜಾಹೀರಾತು ಬಂದಾಗ ಮಾತ್ರ.

ವಾಪಸ್ ಬರೋವಾಗ ಶಿರಾಳಕೊಪ್ಪ ದಾಟೋ ಜಾಗದಲ್ಲಿ ಬಳ್ಳಿಗಾವಿ ಹತ್ತಿರ. ಅಲ್ಲಮಪ್ರಭುವಿನ ಊರು ಅಂತ ಹೇಳೋದು ಇದನ್ನೇ. ಅಕ್ಕಮಹಾದೇವಿಯ ಉಡುತಡಿ ಇರೋದೂ ಇದೇ ಶಿಕಾರಿಪುರ ತಾಲೂಕಿನಲ್ಲಿ. ಹನ್ನೆರಡನೇ ಶತಮಾನದಲ್ಲಿ ಇವರೆಲ್ಲ ಕಲ್ಯಾಣಕ್ಕೆ ಹೋದಾಗ ಅಲ್ಲಿ ಶರಣರ ಬಟ್ಟೆ ಮಡಿ ಮಾಡ್ತಿದ್ದವರು ಯಾರು? ಮಡಿವಾಳ ಮಾಚಿದೇವರು. ಬಟ್ಟೆ ಒಗೆಯೋ ಕೆಲಸ ಮಾಡ್ತಾನೇ ವಚನಕಾರರಾದವರು, ಅನುಭವ ಮಂಟಪದಲ್ಲಿ ಎಲ್ಲರ ಸಮಕ್ಕೆ ಕೂತವರು. ಪ್ರತಿ ವರ್ಷ ಫೆಬ್ರವರಿ 1ಕ್ಕೆ ಸರ್ಕಾರವೇ ಅವರ ಜಯಂತಿ ಮಾಡುತ್ತೆ. ತಾಲೂಕು ಆಫೀಸಿನಲ್ಲಿ ಫೋಟೋಗೆ ಹಾರ ಹಾಕ್ತೀವಿ, ಕಾಯಕವೇ ಕೈಲಾಸ ಅಂತ ಭಾಷಣ ಮಾಡ್ತೀವಿ. ಮಾರನೇ ದಿನ ಅದೇ ಕಾಯಕ ಮಾಡೋ ಮನುಷ್ಯ ಬಿಲ್ಲು ಕೊಟ್ಟರೆ, "ಒಗೆಯೋಕೆ ಇಷ್ಟಾ?" ಅಂತೀವಿ.

ಫೋಟೋಗೆ ಹಾರ, ಕೈಗೆ ಚೌಕಾಸಿ. ಇದು ನಮ್ಮ ಲೆಕ್ಕ.

ಸೊರಬದವರಿಗೆ ಇದನ್ನ ನಾನು ಹೇಳಬೇಕಾಗಿಲ್ಲ. ಗಂಧದ ಕೆತ್ತನೆ ಮಾಡೋ ಗುಡಿಗಾರರ ಊರದು. ಅಂಗೈಯಷ್ಟು ಗಂಧದ ಆನೆಗೆ ಅಷ್ಟು ಬೆಲೆ ಯಾಕೆ ಅಂತ ಪ್ರವಾಸಿಗರು ಕೇಳಿದಾಗ, "ಅದು ಮರದ ಬೆಲೆ ಅಲ್ಲ ಸ್ವಾಮಿ, ಕಣ್ಣಿನ ಬೆಲೆ, ಕೈಯಿನ ಬೆಲೆ" ಅಂತ ಅಲ್ಲಿನವರು ಬಿಡಿಸಿ ಹೇಳ್ತಾರೆ. ಮಾಡೋ ಕೈಗೆ ಬೆಲೆ ಇದೆ ಅಂತ ಒಪ್ಪೋದು ಹೇಗೋ ಕಲ್ತಿದ್ದೀವಿ. ಉಳಿಸೋ ಕೈಗೂ ಬೆಲೆ ಇದೆ ಅನ್ನೋದು ಇನ್ನೂ ಗೊತ್ತಾಗಿಲ್ಲ.

ಹಾಗಂತ ಒಂದು ಎಚ್ಚರಿಕೆ. ನಾಳೆ ಯಾರೋ "ಪ್ರೀಮಿಯಂ" ಅಂತ ಬೋರ್ಡ್ ಹಾಕಿ ನಿಮ್ಮನ್ನ ಬೋಳಿಸಿದ್ರೆ, "ಟಿವಿಯವರು ಹೇಳಿದ್ರು, ದುಡ್ಡು ಕೊಟ್ಟೆ" ಅಂತ ನನ್ನ ಮೇಲೆ ಬರಬೇಡಿ. ಪ್ರೀಮಿಯಂ ಅನ್ನೋದು ಬರೀ ಒಂದು ಪದ. ಅದನ್ನ ಬರೆಯೋಕೆ ಪೇಂಟರ್ ಕೂಲಿ ಸಾಕು. ಹಾಗಾದ್ರೆ ಮೊದಲನೇ ಸಲ ಹೋಗೋರು ಏನು ಮಾಡಬೇಕು? ಐದೇ ಐದು ಪ್ರಶ್ನೆ ಕೇಳಿ.

ಒಂದು. ಇದು ಉಣ್ಣೆಯೋ, ಹತ್ತಿಯೋ, ರೇಷ್ಮೆಯೋ, ಪ್ಲಾಸ್ಟಿಕ್ಕೋ? ಬೆನ್ನು ನೋಡದೆ, ಎಳೆ ನೋಡದೆ ಫೋನಿನಲ್ಲೇ ಕೊನೇ ರೇಟು ಹೇಳೋನು ಕಮ್ಮಿ ಹೇಳಿದ್ರೂ ಅನುಮಾನ, ಜಾಸ್ತಿ ಹೇಳಿದ್ರೂ ಅನುಮಾನ.

ಎರಡು. ನೀರು ಹಾಕೋ ಮುಂಚೆ ಧೂಳು ಹೇಗೆ ತೆಗೀತೀರಿ? ಈ ಪ್ರಶ್ನೆಗೆ ಉತ್ತರ ತಡವರಿಸಿತು ಅಂದ್ರೆ ನಿಮ್ಮ ಕಾರ್ಪೆಟ್ ಸುತ್ಕೊಂಡು ವಾಪಸ್ ಬನ್ನಿ.

ಮೂರು. ಬಣ್ಣದ ಪರೀಕ್ಷೆ ನನ್ನ ಕಣ್ಣೆದುರಿಗೇ ಮಾಡ್ತೀರಾ? ಐದು ನಿಮಿಷದ ಕೆಲಸ. ನಾನು ಅವತ್ತು ಇದೊಂದನ್ನ ಕೇಳಿದ್ದಿದ್ರೆ ನಮ್ಮಮ್ಮನ ನವಿಲಿಗೆ ಇವತ್ತು ಮುಖ ಇರ್ತಿತ್ತು.

ನಾಲ್ಕು. ಎಲ್ಲಿ ಒಣಗಿಸ್ತೀರಿ, ಎಷ್ಟು ದಿನ? "ಬೆಳಿಗ್ಗೆ ಕೊಡಿ, ಸಂಜೆ ತಗೊಳ್ಳಿ" ಅಂತ ಮಳೆಗಾಲದಲ್ಲಿ ಯಾರಾದರೂ ಉಣ್ಣೆ ಕಾರ್ಪೆಟ್ಟಿಗೆ ಹೇಳಿದ್ರೆ ಅದು ಸರ್ವಿಸ್ ಅಲ್ಲ, ಪವಾಡ. ಪವಾಡದ ಬಗ್ಗೆ ಬೇರೆ ಕಾರ್ಯಕ್ರಮ ಮಾಡೋಣ.

ಐದು. ಬಿಲ್ಲು ಕೊಡ್ತೀರಾ? ಅಳತೆ, ಮೊದಲೇ ಇದ್ದ ಕಲೆ, ಹರಿದ ಜಾಗ ಎಲ್ಲ ಬರೆದು ಕೊಡ್ತೀರಾ? ನೀವೂ ಕೊಡೋ ಮುಂಚೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ. ಇದು ಅವರಿಗೂ ರಕ್ಷಣೆ, ನಿಮಗೂ ರಕ್ಷಣೆ.

ಕಾನೂನಿನ ಮಾತು ಒಂದೇ ಒಂದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಾಮಾನಿಗೆ ಮಾತ್ರ ಅಲ್ಲ, ದುಡ್ಡು ಕೊಟ್ಟು ಪಡೆಯೋ ಸೇವೆಗೂ ಅನ್ವಯ ಆಗುತ್ತೆ. ಬಿಲ್ಲು ಕೊಡದೇ ಇರೋದನ್ನೇ ಅದು ಅನುಚಿತ ವ್ಯಾಪಾರ ಅನ್ನುತ್ತೆ. ಕೆಲಸ ಕೆಟ್ಟರೆ ನೀವಿರೋ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೂ ಮುಂಚೆ ಸಲಹೆ ಬೇಕಾದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ರಸೀದಿಯ ಹಿಂದೆ ಸಣ್ಣ ಅಕ್ಷರದಲ್ಲಿ "ಜವಾಬ್ದಾರರಲ್ಲ" ಅಂತ ಅಚ್ಚು ಹಾಕಿದ ಮಾತ್ರಕ್ಕೆ ಎಲ್ಲ ಮುಗಿದುಹೋಯ್ತು ಅಂತ ನನ್ನ ಹಾಗೆ ತಲೆ ತಗ್ಗಿಸಿ ಬರಬೇಡಿ.

ಇನ್ನು ಬೆಲೆ ಜಾಸ್ತಿ ಅನ್ನಿಸಿದ್ರೆ? ಬೇಡ ಅನ್ನಿ. ಅದು ನಿಮ್ಮ ಹಕ್ಕು. ಎಲ್ಲರ ಹತ್ತಿರವೂ 2,430 ರೂಪಾಯಿ ಇರಲ್ಲ, ಇದ್ದರೂ ಕಾರ್ಪೆಟ್ಟಿಗೆ ಹಾಕಬೇಕು ಅಂತಿಲ್ಲ. ನಮ್ಮ ಹಿರಿಯರು ಕಂಬಳಿಯನ್ನ ವರ್ಷಗಟ್ಟಲೆ ಹೊದ್ದರು. ಮೇಲಿಂದ ಮೇಲೆ ಒಗೀತಿರಲಿಲ್ಲ, ಕೊಡವಿ ಬಿಸಿಲು ಕಾಣಿಸ್ತಿದ್ದರು. ಅದೂ ಒಂದು ವಿದ್ಯೆ. ದಿನಾ ಚೊಕ್ಕ ಇಟ್ಟುಕೊಂಡ್ರೆ, ವರ್ಷಕ್ಕೊಮ್ಮೆ ತೊಳೆಸೋದನ್ನ ಎರಡು ವರ್ಷಕ್ಕೊಮ್ಮೆ ಮಾಡಬಹುದು. ಇದನ್ನೂ ಹೇಳಿಕೊಟ್ಟಿದ್ದು ಆ ಶಿಕಾರಿಪುರದವರೇ. ಬೇಡ ಅಂತ ಹೇಳಿ, ತೊಂದರೆ ಇಲ್ಲ. ಕಳ್ಳ ಅಂತ ಹೇಳಬೇಡಿ, ಅಷ್ಟೇ. ಆ ಎರಡು ಮಾತಿನ ನಡುವೆ ಒಬ್ಬ ಮನುಷ್ಯನ ಮರ್ಯಾದೆ ಇದೆ.

ಐದನೇ ದಿನ ಕಾರ್ಪೆಟ್ಟು ಸೊರಬಕ್ಕೆ ಬಂತು. ಅಕ್ಕ ಫೋನ್ ಮಾಡಿದಳು.

"ಬಂತು ಕಣೋ. ಈ ಕೆಂಪು ಇಷ್ಟು ಕೆಂಪು ಅಂತ ನನಗೆ ಗೊತ್ತೇ ಇರಲಿಲ್ಲ."

"ದುಡ್ಡು ಕೊಟ್ಯಾ?"

"ಕೊಟ್ಟೆ. 2,400 ತಗೊಳಪ್ಪ, ಮೂವತ್ತು ಬಿಡು ಅಂದೆ."

"ಅಯ್ಯೋ ಅಕ್ಕಾ! ಬಿಟ್ಟರಾ?"

"ಎಲ್ಲಿ ಬಿಡ್ತಾನೆ? 'ಅಕ್ಕ, ನನಗೆ ಉಳಿಯೋ ಮುನ್ನೂರರಲ್ಲಿ ಮೂವತ್ತು ಅಂದ್ರೆ ಹತ್ತು ಪರ್ಸೆಂಟು' ಅಂದ. ಲೆಕ್ಕ ಹೇಳಿಸಿದ್ದು ನೀನೇ ಅಲ್ವಾ? ಪೂರ್ತಿ ಕೊಟ್ಟು ಕಾಫಿ ಕೊಟ್ಟು ಕಳಿಸಿದೆ." ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಅಮ್ಮನ ಜಮಖಾನ ಇನ್ನೂ ಇಟ್ಕೊಂಡಿದ್ದೀಯಾ?"

"ಇದೆ. ಅಟ್ಟದ ಮೇಲಿದೆ."

"ಮುಖ ಇಲ್ಲದಿದ್ರೂ ಪರವಾಗಿಲ್ಲ. ಮುಂದಿನ ಸಲ ಬರೋವಾಗ ತಗೊಂಡು ಬಾ. ಆ ಶಿಕಾರಿಪುರದವನಿಗೆ ಒಂದು ಸಲ ತೋರಿಸೋಣ."

ಮುಂದಿನ ತಿಂಗಳು ಹೋಗ್ತಾ ಇದ್ದೀನಿ. ರೇಟು ಎಷ್ಟು ಹೇಳ್ತಾರೋ ಗೊತ್ತಿಲ್ಲ. ಈ ಸಲ ಬೆಲೆ ಕೇಳೋ ಮುಂಚೆ, ಏನು ಮಾಡ್ತೀರಿ ಅಂತ ಕೇಳ್ತೀನಿ.